ಯಾರೂ ಕೇಳದ ತೊಟ್ಟಿಲು

"ರೇಣುಕಾ, ಅದೀಯೇನ ಬೇ ಒಳಗ?"

ರೇಣುಕಾ ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು. ಹಂಚಿನ ಮೇಲಿದ್ದುದನ್ನು ತಿರುವುವುದೂ ಮರೆತು ಬಾಗಿಲ ಕಡೆ ನೋಡಿದಳು. ಈಚೆಗೆ ಯಾರೂ ಹೀಗೆ ಕೂಗುತ್ತ ಒಳಗೆ ಬರುತ್ತಿರಲಿಲ್ಲ. ಬಂದವರು ಹೊರಗೆ ಕಟ್ಟೆಯ ಮೇಲೆ ಅತ್ತೆಯ ಹತ್ತಿರ ಕೂತು, ದನಿ ತಗ್ಗಿಸಿ ಮಾತಾಡಿ ಹೋಗಿಬಿಡುತ್ತಿದ್ದರು.

ಹಿಂದಿನ ಓಣಿಯ ಅಬಿದಾ ಚಾಚಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಒಲೆಯ ಮುಂದೆಯೇ ಕೂತಳು.

"ರೊಟ್ಟಿ ಹೊತ್ತಾಕತ್ತೈತಿ, ಮೊದ್ಲ ಅದನ್ನ ತಿರುವು. ನನ್ನ ಮಗಳು ಫರಹತ ಹಡದಾಳ. ಹೆಣ್ಣು. ನಿನ್ನಿ ಇಂಡಿ ದವಾಖಾನಿಯಿಂದ ಮನಿಗಿ ಕರಕೊಂಡು ಬಂದೇವಿ. ತೊಟ್ಲ ಒಯ್ಯಾಕ ಬಂದೇನಿ."

"ಯಾ ತೊಟ್ಲರಿ?"

"ಊರಾಗ ಎಷ್ಟ ತೊಟ್ಲ ಅದಾವ?"

ಆ ಕರಿ ಕಟ್ಟಿಗೆಯ ತೊಟ್ಟಿಲು ಯಾರೊಬ್ಬರದೂ ಅಲ್ಲ. ಕೂಸು ಹುಟ್ಟಿದ ಮನೆಯವರು ಒಯ್ಯುತ್ತಿದ್ದರು. ಮುಂದಿನ ಕೂಸಿನ ಮನೆಯವರು ಬಂದು ಕೇಳುವತನಕ ಅದು ಅಲ್ಲೇ ಇರುತ್ತಿತ್ತು. ಯಾವ ಓಣಿ, ಯಾವ ದೇವರು ಎಂಬ ಭೇದ ಅದಕ್ಕಿರಲಿಲ್ಲ. ಕಟ್ಟಳೆ ಒಂದೇ, ಕೂಸು ಹುಟ್ಟುವ ಮೊದಲು ತರಬಾರದು.

ರೇಣುಕಾಳ ಗಂಡ ಅಮೋಘಸಿದ್ಧ ಮೊದಲೇ ತಂದಿದ್ದ. ಕುರಿ ಹೊಡೆದುಕೊಂಡು ಮುದ್ದೇಬಿಹಾಳದ ಕಡೆ ಹೋದರೆ ಹೆಂಡತಿಯ ಹೆರಿಗೆಯ ಹೊತ್ತಿಗೆ ತಿರುಗಿ ಬರುವುದು ಆಗುತ್ತದೋ ಇಲ್ಲವೋ ಎಂದು, ಹೊರಡುವ ಮುಂಚೆ ಹೆಗಲ ಮೇಲೆ ಹೊತ್ತು ತಂದು ಜಂತಿಗೆ ಕಟ್ಟಿದ. ಹಗ್ಗ ಜಗ್ಗಿ ಜಗ್ಗಿ ನೋಡುತ್ತಿದ್ದವನ ಹಿಗ್ಗು ನೋಡಿ ರೇಣುಕಾಳಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಕೂಸು ಗಂಡು. ಹುಟ್ಟಿದಾಗ ಅಳಲೇ ಇಲ್ಲ. ಅಮೋಘಸಿದ್ಧ ಓಡಿ ಬಂದ, ಮಣ್ಣು ಮಾಡಿದ, ತೊಟ್ಟಿಲು ಬಿಚ್ಚಿ ಮೂಲೆಗಿಟ್ಟ. ಕುರಿಗಳನ್ನು ಬೇರೆಯವರ ಮೇಲೆ ಬಿಟ್ಟು ಬಂದಿದ್ದರಿಂದ ಮತ್ತೆ ಹೋದ.

ಆಮೇಲೆ ಓಣಿಯ ಎರಡು ಮನೆಗಳಲ್ಲಿ ಕೂಸುಗಳು ಹುಟ್ಟಿದವು. ಇಬ್ಬರೂ ಇಂಡಿ ಪೇಟೆಯಿಂದ ಕಬ್ಬಿಣದ ತೊಟ್ಟಿಲು ತಂದರು. ಯಾರೂ ಒಂದು ಮಾತು ಅನ್ನಲಿಲ್ಲ. ರೇಣುಕಾ ಮಾತ್ರ ಬೋರಿಂಗಿನ ಹತ್ತಿರ ಹೆಂಗಸರು ಚದುರಿದ ಮೇಲೆ ನೀರಿಗೆ ಹೋಗತೊಡಗಿದಳು.

ಕಟ್ಟೆಯಿಂದ ಅತ್ತೆ ಶೇವಂತೆವ್ವ ಅಂದಳು, "ಅದನ್ನ ಒಯ್ಯಬ್ಯಾಡ ಅಬಿದಾ. ನಾಳಿ ಕೂಸಿಗೆ ನೆಗಡಿ ಬಂದ್ರೂ ನಮ್ಮ ಹೆಸರ ಬರತೈತಿ."

"ನೆಗಡಿ ಬಂದ್ರ ಮೂಗ ಒರಸ್ತೇನಿ. ನಿನ್ನ ಹೆಸರ ಯಾಕ ಹೇಳಲಿ?"

"ಬ್ಯಾಡ್ರಿ ಚಾಚಿ," ಎಂದಳು ರೇಣುಕಾ. "ಹಸಗೂಸಿನ ಮ್ಯಾಲ ನಮ್ಮ ಮನಿ ಕೇಡು..."

ಅಬಿದಾ ಒಲೆಯ ಕಟ್ಟಿಗೆಯನ್ನು ಒಳಗೆ ತಳ್ಳಿದಳು. "ಇದರಾಗ ಮಲಗಿದವ್ರೆಲ್ಲಾ ಬಾಳ್ಯಾರಂತ ನಿನಗ ಯಾರ ಹೇಳಿದ್ರು? ನನ್ನ ಮಗ ಇಸ್ಮಾಯಿಲನಕಿಂತ ಮೊದ್ಲ ನಂದೊಂದು ಕೂಸು ಹೋಗೈತಿ. ನಗಾಕ ಕಲತಿತ್ತು. ಅದು ಹೋದಮ್ಯಾಲ ನಿನ್ನ ಗಂಡ ಹುಟ್ಟಿದ. ನಿಮ್ಮತ್ತಿ ಬಂದು ನನ್ನ ಮನಿಯಿಂದನ ತೊಟ್ಲ ಒಯ್ದಳು. ಕೇಳ ಬೇಕಾದ್ರ."

ಕಟ್ಟೆಯ ಮೇಲಿದ್ದ ಅತ್ತೆ ಬಾಗಿಲ ಕಡೆ ತಿರುಗಿದಳು.

"ಒಯ್ದಿದ್ದೆ," ಎಂದಳು ಶೇವಂತೆವ್ವ. "ಆಗ ಸಣ್ಣಾಕಿ ಇದ್ದೆ. ನನಗೇನೂ ತಿಳೀತಿದ್ದಿಲ್ಲ."

"ಈಗ ತಿಳಕೊಂಡು ಏನ ಮಾಡಿದಿ?" ಅಬಿದಾ ಮೊಣಕಾಲು ಹಿಡಿದು ಎದ್ದಳು. "ಇಸ್ಮಾಯಿಲನ ಕಳಸ್ತೇನಿ. ಹೊತಗೊಂಡು ಬರ್ತಾನ."

"ಬ್ಯಾಡ್ರಿ," ಎಂದಳು ರೇಣುಕಾ. ತಾನೇ ಆಡಿದ್ದೆಂದು ನಂಬಲಾಗದೆ ಹಿಟ್ಟಿನ ಕೈಯನ್ನು ನೋಡಿಕೊಂಡಳು. "ತೊಳದು ನಾನ ತರ್ತೇನಿ."

ಬೋರಿಂಗಿನ ಹತ್ತಿರ ಆಗ ಹೆಂಗಸರು ತುಂಬಿದ ಹೊತ್ತು. ಅವಳು ತೊಟ್ಟಿಲು ಇಳಿಸಿದಾಗ ಯಾರೋ ಒಬ್ಬಳು ಕೊಡ ಸರಿಸಿ ಜಾಗ ಕೊಟ್ಟಳು. ಎರಡನೇ ಇಯತ್ತೆ ಓದುವ ಮಗಳು ಸಂಗು ನಾರು ತಂದು ಅವ್ವನ ಪಕ್ಕ ಕೂತು ತಿಕ್ಕಿದಳು. ಬೂದಿಯಂಥ ಧೂಳು ಹರಿದುಹೋಗಿ ಕಟ್ಟಿಗೆ ಮತ್ತೆ ಕಪ್ಪಗಾಯಿತು. ನಡುವೆ ಸಂಗು ಒಮ್ಮೆ "ಅವ್ವಾ" ಎಂದಳು. ರೇಣುಕಾ "ಏನ?" ಎಂದದ್ದಕ್ಕೆ "ಏನಿಲ್ಲ" ಎಂದು ತಲೆ ಬಗ್ಗಿಸಿದಳು. ತಮ್ಮ ಹೋದಾಗಿನಿಂದ ಹುಡುಗಿ ಹೀಗೇ. ಬಾಯಿ ತೆರೆಯುವುದು, ಮುಚ್ಚಿಕೊಳ್ಳುವುದು. ಏನು ಕೇಳಿಬಿಡುತ್ತಾಳೋ ಎಂದು ಹೆದರಿ ರೇಣುಕಾಳೂ ಕೆದಕಿರಲಿಲ್ಲ.

ಬಿಸಿಲಿಗೆ ಒಣಗಿಸಿ, ಮಧ್ಯಾಹ್ನ ತಲೆಯ ಮೇಲೆ ಹೊತ್ತು, ಸಂಗುವನ್ನು ಕರೆದುಕೊಂಡು ಅಬಿದಾಳ ಮನೆಗೆ ನಡೆದಳು. ಬಾಗಿಲುಗಳಲ್ಲಿ ನಿಂತವರು ನೋಡಿದರು. ಯಾರ ಮುಖವನ್ನೂ ನೋಡದೆ, ಅವಸರವನ್ನೂ ಮಾಡದೆ ದಾಟಿದಳು.

ಇಸ್ಮಾಯಿಲ ತೊಟ್ಟಿಲನ್ನು ಜಂತಿಗೆ ಕಟ್ಟಿಕೊಟ್ಟು ಹೊರಗೆ ಹೋದ. ಅಬಿದಾ ಕೂಸನ್ನು ಎತ್ತಿ ರೇಣುಕಾಳ ಕೈಗೆ ಹಾಕಿದಳು. ಎಷ್ಟು ಹಗುರ! ಅದರ ತಲೆಯಿಂದ ಬೆಚ್ಚಗಿನ ಎಣ್ಣೆಯ ವಾಸನೆ ಬರುತ್ತಿತ್ತು. ರೇಣುಕಾ ಅದನ್ನು ತೊಟ್ಟಿಲೊಳಗೆ ಮಲಗಿಸಿದಳು.

"ಮೊದ್ಲ ಹಗ್ಗ ನೀನ ಜಗ್ಗು," ಎಂದಳು ಅಬಿದಾ.

ರೇಣುಕಾ ಜಗ್ಗಿದಳು. ತೊಟ್ಟಿಲು ಕಿರುಗುಟ್ಟುತ್ತ ಹೋಯಿತು, ಬಂತು. ಕೂಸು ಒಂದು ಸಲ ಮುಖ ಕಿವುಚಿ ಮತ್ತೆ ನಿದ್ದೆಗಿಳಿಯಿತು.

"ಸಂಗೂ," ಹೊರಸಿನ ಮೇಲಿಂದ ಫರಹತ ನಕ್ಕಳು. "ಇನ್ನೂ ಹೆಸರ ಇಟ್ಟಿಲ್ಲ ನೋಡವ್ವಾ. ಅಜ್ಜಿ ಒಂದ ಅಂತಾಳ, ಮಾಮಾ ಒಂದ ಅಂತಾನ. ನೀ ಯಾವುದಂತಿ?"

ಸಂಗು ತೊಟ್ಟಿಲೊಳಗೆ ನೋಡಲಿಲ್ಲ, ಅವ್ವನ ಮುಖ ನೋಡಿದಳು. ರೇಣುಕಾ ಹಗ್ಗ ಬಿಡದೆ, ಈ ಸಲ ಕಣ್ಣನ್ನೂ ತಿರುಗಿಸದೆ ಕಾದಳು.

"ಅವ್ವಾ, ನಮ್ಮ ತಮ್ಮಗ ಏನಂತ ಹೆಸರ ಇಡೂದಿತ್ತು?"