ಎಡಭುಜ ತಗ್ಗಿದವಳು

ಆಳೆತ್ತರದ ಗೊಂಬೆಯ ಸೊಂಟವನ್ನು ಗುಲಾಬಿ ಅವುಚಿ ಹಿಡಿದಿದ್ದಳು. ಕಾಲು ಹಿಡಿದು ಎಳೆಯುತ್ತಿದ್ದವನು ಮೈದುನ ಮಂಜ. ಅತ್ತ ಚಾವಡಿಯಲ್ಲಿ ಗಂಡ ಚಂದಯ್ಯನ ಹೆಣ ಎತ್ತುವುದೊಂದೇ ಬಾಕಿ.

"ಅತ್ಗಿ, ಬಿಡಿ. ಹಟ ಮಾಡುಕಾಗ."

"ಎಂತಕ್ಕೆ ಬಿಡೂದ್? ಇದೆಂತ ಮಾಡಿತ್ ನಿಂಗೆ?"

"ಸತ್ತವ ಮಾಡಿದ ಹೆಂಡ್ತಿ ರೂಪು ಮನಿಯೊಳ್ಗೆ ಇಪ್ಪುಕಾಗ. ಒಟ್ಟಿಗೇ ಸುಡ್ಕ್. ಇಲ್ದಿರೆ ಅಣ್ಣಯ್ಯನ ಜೀವ ಮನಿ ಬಿಟ್ ಹೋತಿಲ್ಲೆ. ನಿಮ್ನೂ ಕರ್ಕಂಡೇ ಹೋತ್ತ್."

ಮಂಜನಿಗೆ ದ್ವೇಷವೇನೂ ಇರಲಿಲ್ಲ. ಬೆಳಗಿನಿಂದ ತೊಟ್ಟು ನೀರು ಕುಡಿಯದೆ ಮಾವಿನ ಮರ ಕಡಿಸಿ, ತೋಟದ ಮೂಲೆಯಲ್ಲಿ ಕಟ್ಟಿಗೆ ಒಟ್ಟಿಸಿದವನು ಅವನೇ. ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದಾದರೂ ಓಡಿಸಬಹುದಿತ್ತು.

"ಗುಜರಿ ಸಾಮಾನ್ ಅಲ್ದಾ ಅಕ್ಕ" ಎಂದಳು ಪಕ್ಕದ ಮನೆಯ ವನಜ. "ಹೋರೆ ಹೋಯ್ಲಿ."

*

ಚಂದಯ್ಯ ಆಯಸ್ಸಿನ ಬಹುಪಾಲನ್ನು ಮುಂಬೈಯ ಹೋಟೆಲೊಂದರ ಗಲ್ಲಾದಲ್ಲಿ ಕಳೆದವನು. ವರ್ಷಕ್ಕೊಮ್ಮೆ ಬರುವುದು, ಮಾತಿಲ್ಲದೆ ಉಣ್ಣುವುದು, ಹೋಗುವುದು. ಗಂಡ ತನ್ನ ಮುಖವನ್ನಾದರೂ ಸರಿಯಾಗಿ ನೋಡಿದ್ದಾನೋ ಎಂದು ಗುಲಾಬಿಗೆ ಅನುಮಾನ. ಊರಿಗೆ ಮರಳಿದ ಮೇಲೂ ಬೀಜಾಡಿಯ ಕಡಲ ದಂಡೆಯಲ್ಲೇ ಅವನ ವಾಸ. ದೋಣಿಯ ಮುರುಕು ಹಲಗೆ, ಹರಿದ ಬಲೆ, ತುಕ್ಕು ಹಿಡಿದ ಸರಳು ಹೊತ್ತು ತಂದು ಕೊಟ್ಟಿಗೆಯಲ್ಲಿ ಜೋಡಿಸುತ್ತ ಕೂರುವುದು. "ಚಂದಯ್ಯಂಗೆ ಮರ್ಲ್" ಎಂದು ಊರು ನಕ್ಕಿತು. ಗುಲಾಬಿಯೂ ನಕ್ಕಳು.

ಹೋದ ವರ್ಷ ಕುಂದಾಪುರದ ಕಲಾ ಪ್ರದರ್ಶನದಲ್ಲಿ ಅವನು ಜೋಡಿಸಿದ್ದನ್ನೂ ಇಟ್ಟರು. ಒಲ್ಲೆ ಒಲ್ಲೆ ಎನ್ನುತ್ತಲೇ ಗುಲಾಬಿ ಹೋದಳು. ತೂಗುಬಿಟ್ಟ ದೀಪದ ಕೆಳಗೆ ಒಬ್ಬಳು ನಿಂತಿದ್ದಳು. ಹಲಗೆಯ ಮೈ, ಸರಳಿನ ಬೆನ್ನು, ಬಲೆಯ ತುರುಬು. ಎಡಭುಜ ಮಾತ್ರ ತುಸು ತಗ್ಗಿತ್ತು. ಬಾವಿಯಿಂದ ನೀರು ಹೊತ್ತು ಹೊತ್ತು ತಗ್ಗಿದ ಗುಲಾಬಿಯದೇ ಭುಜ ಅದು. ಹೆತ್ತ ತಾಯಿಯೂ ಅದನ್ನು ಗಮನಿಸಿರಲಿಲ್ಲ.

"ಇದ್ ಯಾರ್?" ಎಂದಳು.

"ಗೊತ್ತಾಯಿಲ್ಯಾ?" ಚಂದಯ್ಯ ನೆಲ ನೋಡುತ್ತ ಕೇಳಿದ.

"ನೀವ್ ನನ್ನ್ ಕಂಡಿರ್ಯಾ?"

"ಕಾಣ್ದೆ ಎಂತ?"

ಅಷ್ಟೇ ಮಾತು. ಅಯ್ಯೋ, ಆ ವಯಸ್ಸಿನಲ್ಲಿ ಅವಳಿಗೆ ಮದುಮಗಳ ಹಾಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಮನೆಯ ತನಕ ಕಿಟಕಿಯ ಕಡೆ ತಿರುಗಿ ಒಬ್ಬಳೇ ನಗುತ್ತಿದ್ದಳು.

*

ಮುಂಬೈಯಿಂದ ಬೆಳಿಗ್ಗೆಯಷ್ಟೇ ಬಂದಿಳಿದಿದ್ದ ಮಗಳು ಕುಸುಮ ಅಮ್ಮನ ಕೈ ಹಿಡಿದಳು.

"ಬಿಡ್ ಅಮ್ಮ. ಅಪ್ಪಯ್ಯ ಹೋಯ್ರ್. ನಿಂಗೂ ಎಂತಾರೂ ಆರೆ ನಂಗೆ ಯಾರ್ ಇದ್ರ್?"

"ಎಂತ ಆತಿಲ್ಲೆ ಮಗಾ. ಅವ್ರ್ ನನ್ನ್ ಕಂಡದ್ದಕ್ಕೆ ಗುರ್ತ್ ಅಂತ ನಂಗೆ ಇಪ್ಪುದ್ ಇದೊಂದೇ."

"ನಂಗೆ ಹೆದ್ರಿಕಿ ಆತ್ತ್ ಅಮ್ಮ."

ಮಗಳು ಅವಳ ತೋಳಿಗೆ ಮುಖ ಒತ್ತಿದಳು. ಗುಲಾಬಿ ಗೊಂಬೆಯನ್ನು ಬಿಟ್ಟಳು.

ಹೆಂಗಸರು ಚಿತೆಯ ಬಳಿ ಹೋಗುವಂತಿಲ್ಲ. ಅವಳು ಹಿತ್ತಿಲ ಬಾಗಿಲಲ್ಲಿ ನಿಂತಳು. ಚಂದಯ್ಯನ ಮಗ್ಗುಲಿಗೇ ಗೊಂಬೆಯನ್ನು ಮಲಗಿಸಿದ್ದರು. ಬೆಂಕಿ ಹಿಡಿಯಿತು. ಗಂಡನ ಹೆಣದ ಮುಂದೆ ಬಾರದಿದ್ದ ಅಳು ಆಗ ಬಂತು.

ಕಾವಿಗೆ ಸರಳು ಬಾಗಿ ಗೊಂಬೆ ಮೆಲ್ಲನೆ ಎದ್ದು ಕೂತಿತು, ಮನೆಯ ಕಡೆ ಮುಖ ಮಾಡಿ. ಚಿತೆಯಲ್ಲಿ ಎದ್ದ ಹೆಣವನ್ನು ಮಲಗಿಸುವ ಹಾಗೆ ಮಂಜ ಬಿದಿರಿನ ಗಳು ಎತ್ತಿ ಅದರ ತಲೆಗೆ ಹೊಡೆದ. ಅದು ಮಲಗಲಿಲ್ಲ. ಅಳುತ್ತ, ಇನ್ನೂ ಜೋರಾಗಿ ಹೊಡೆದ.