ಗೆರೆಯಿಂದ ಆಚೆಗುಳಿದ ಮನೆ

ಸರ್ವಮಂಗಳ ಒಲೆಯ ಮುಂದೆ ಕೂತಲ್ಲೇ ತೂಕಡಿಸಿದಳು. ಮುದ್ದೆ ಕೋಲು ಜಾರಿ, ಕುದಿಯುತ್ತಿದ್ದ ಹಿಟ್ಟು ಮುಂಗೈಗೆ ಸಿಡಿದಾಗ ಎಚ್ಚರವಾಯಿತು. ಹಿಂದೊಮ್ಮೆ ಹೀಗೇ ಸುಟ್ಟುಕೊಂಡಿದ್ದ ಗಾಯ ಇನ್ನೂ ಆರಿರಲಿಲ್ಲ. ಅವಳು ಕೂಗಲಿಲ್ಲ. ಕೂಗಿದರೆ ನಡುಮನೆಯಲ್ಲಿ ಮಲಗಿದ್ದ ಮೈದುನ ಷಣ್ಮುಖಪ್ಪನಿಗೆ ಎಚ್ಚರವಾಗುತ್ತದೆ. ಕೈಯನ್ನು ಬಾನಿಯ ನೀರಿಗೆ ಅದ್ದಿ ಸುಮ್ಮನೆ ಕೂತಳು.

ಆ ಮನೆಯಲ್ಲಿ ರಾತ್ರಿಯೆಲ್ಲ ಸದ್ದು, ಹಗಲೆಲ್ಲ ಸದ್ದು ಮಾಡುವಂತಿಲ್ಲ. ಬೋರೆಕೊಪ್ಪಲಿನಿಂದ ಗಾವಡಗೆರೆಗೆ ಹೋಗುವ ದಾರಿಯ ಪಕ್ಕದ ಗೋಮಾಳವನ್ನು ಯುದ್ಧದ ಕಾಲದಲ್ಲಿ ಮಟ್ಟಮಾಡಿ ವಿಮಾನ ಇಳಿಯುವ ಜಾಗ ಮಾಡಿದ್ದರು. ಯುದ್ಧ ಮುಗಿದದ್ದೇ ದನಕರು ಮತ್ತೆ ಅಲ್ಲಿ ಮೇಯತೊಡಗಿದವು. ಊರವರು ಆ ಗಟ್ಟಿ ನೆಲದ ಮೇಲೆ ರಾಗಿ ತುಳಿಸಿಕೊಂಡರು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಕ್ಕೆ ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯೊಂದು ಅಲ್ಲಿಗೆ ಬಂತು. ಮೊದಮೊದಲು ಹಗಲು ಮಾತ್ರ ಪಾಠ. ಹುಣಸೂರಿನಿಂದಲೂ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ಸರ್ವಮಂಗಳಳೂ ಮಗಳನ್ನು ಸೊಂಟದ ಮೇಲೆ ಹೊತ್ತು ಹೋಗಿ, ಇಡೀ ಮಧ್ಯಾಹ್ನ ಬಾಯಿ ತೆರೆದು ನೋಡಿದ್ದಳು. ಆಮೇಲೆ ರಾತ್ರಿಯ ಪಾಠ ಶುರುವಾಯಿತು.

ಕಲಿಯುವ ಹುಡುಗ ವಿಮಾನ ಏರಿಸುತ್ತಾನೆ, ಕೆರೆಯ ಮೇಲಿಂದ ಒಂದು ಸುತ್ತು ಹಾಕಿ ಇಳಿಸುತ್ತಾನೆ, ಚಕ್ರ ನೆಲಕ್ಕೆ ತಾಗಿತೋ ಇಲ್ಲವೋ ಮತ್ತೆ ಏರಿಸುತ್ತಾನೆ. ಅವನದು ಮುಗಿದರೆ ಇನ್ನೊಬ್ಬ. ಇವರ ಮನೆ ಊರಿನ ಕೊನೆಯದು, ಬಯಲಿನ ನೇರಕ್ಕಿತ್ತು. ಸದ್ದು ಮೊದಲು ಮಡಕೆಯೊಳಗೆ ಸಿಕ್ಕಿದ ದುಂಬಿಯ ಹಾಗೆ ಎಲ್ಲೋ ಕೇಳುತ್ತಿತ್ತು. ಆಮೇಲೆ ಅಟ್ಟದ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಕುತ್ತಿದ್ದವು. ಆಮೇಲೆ ಎದೆಯೊಳಗೇ ಸದ್ದು. ಹೆಂಚಿನ ಸಂದಿಯಿಂದ ಧೂಳು ಕಣ್ಣಿಗೆ ಉದುರುತ್ತಿತ್ತು. ಅದು ದಾಟಿಹೋದ ಮೇಲಾದರೂ ನಿದ್ದೆ ಬರಬೇಕಲ್ಲ, ಬರುತ್ತಿರಲಿಲ್ಲ. ಮುಂದಿನದು ಯಾವಾಗ ಎಂದು ಕಿವಿ ತಾನಾಗಿಯೇ ಕಾಯುತ್ತಿತ್ತು. ಸದ್ದಿಗಿಂತ ಆ ಕಾಯುವಿಕೆಯೇ ಅವಳನ್ನು ಹೆಚ್ಚು ಹಣ್ಣು ಮಾಡಿತ್ತು.

ಷಣ್ಮುಖಪ್ಪನಿಗೆ ಅಲ್ಲೇ ಕೆಲಸ ಸಿಕ್ಕಿತ್ತು. ಸಂಜೆ ಬಯಲಿನುದ್ದಕ್ಕೂ ಸೀಮೆಎಣ್ಣೆ ದೀಪ ಹಚ್ಚಿಡುವುದು, ಗಾಳಿಗೆ ಆರಿದ್ದನ್ನು ಮತ್ತೆ ಹಚ್ಚುವುದು, ಬೆಳಗಿನ ಜಾವ ಎಲ್ಲ ಎತ್ತಿಡುವುದು. ಮನೆಗೆ ಬಂದು ಹೊದ್ದು ಮಲಗಿದರೆ ಹೊತ್ತು ಇಳಿಯುವವರೆಗೂ ಏಳುತ್ತಿರಲಿಲ್ಲ. ಅವನ ನಿದ್ದೆಗಾಗಿ ಸರ್ವಮಂಗಳ ರಾಗಿ ಬೀಸುವುದನ್ನು ಪಕ್ಕದ ಮಾಯಮ್ಮನ ಮನೆಗೆ ಒಯ್ದಿದ್ದಳು. ಕರುವನ್ನು ದೂರದ ಹೊಂಗೆಮರದ ಹತ್ತಿರ ಕಟ್ಟಿದ್ದಳು.

ಗಂಡ ರುದ್ರಸ್ವಾಮಿ ಮೊದಲೇ ಹೆಚ್ಚು ಮಾತಿನವನಲ್ಲ. ಈಗ ಊಟಕ್ಕೆ ಕೂತರೂ ತಲೆ ಎತ್ತುತ್ತಿರಲಿಲ್ಲ. ಉಳುವಾಗ ಸಾಲು ತಪ್ಪುತ್ತಿತ್ತು. ಗಾಡಿಯ ಮೂಕಿಯ ಮೇಲೆ ಕೂತು ನಿದ್ದೆ ಹೋದರೆ ಎತ್ತುಗಳೇ ದಾರಿ ಹಿಡಿದು ಮನೆಗೆ ಕರೆತರುತ್ತಿದ್ದವು.

ಆ ಬೇಸಗೆಯಲ್ಲಿ ಸರಪಳಿ, ಕೆಂಪು ಬಾವುಟದ ಕೋಲು ಹಿಡಿದು ಅಳತೆಯವರು ಬಂದರು. ಇನ್ನೂ ದೊಡ್ಡ ವಿಮಾನ ಬರುತ್ತವಂತೆ, ಬಯಲು ಸಾಲದಂತೆ, ಊರಿನ ಕಡೆಗೆ ಬೆಳೆಸುತ್ತಾರಂತೆ ಎಂದು ಸುದ್ದಿಯಾಯಿತು. ಊರವರು ಹೊಲ ಹೋಗುತ್ತದೆಂದು ನಡುಗಿದರು. ಸರ್ವಮಂಗಳ ಮಾತ್ರ ಯಾರಿಗೂ ಹೇಳದೆ ಒಂದು ಆಸೆ ಇಟ್ಟುಕೊಂಡಳು. ಮನೆಯನ್ನೇ ತೆಗೆದುಕೊಂಡರೆ ಸರ್ಕಾರದವರೇ ಬೇರೆ ಕಡೆ ಜಾಗ ಕೊಡುತ್ತಾರೆ. ಗಂಡನ ಮನಸ್ಸಿನಲ್ಲೂ ಅದೇ ಇದೆಯೆಂದು ಅವನು ಅಂಗಳ ಗುಡಿಸಿ ಅಳತೆಯವರಿಗೆ ಮಜ್ಜಿಗೆ ತರಿಸಿದಾಗ ಅವಳಿಗೆ ಗೊತ್ತಾಯಿತು.

ಅಳತೆಯ ಗೆರೆ ಹಿತ್ತಲನ್ನು ಹಾದು, ಕೊಟ್ಟಿಗೆಯ ಮೂಲೆ ಕತ್ತರಿಸಿ, ತಿಪ್ಪೆಗುಂಡಿಯನ್ನು ನುಂಗಿ ಅಲ್ಲೇ ನಿಂತಿತು. ಮನೆ ಹೊರಗುಳಿಯಿತು.

ರುದ್ರಸ್ವಾಮಿ ಅಳತೆಯ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತ. "ಮನೇನೂ ಸೇರಿಸ್ಕಬುಡಿ ಸ್ವಾಮಿ."

ಅಧಿಕಾರಿ ಇನ್ನೂ ಎಳೆಯ. ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ಮಜ್ಜಿಗೆಯ ಲೋಟ ಕೆಳಗಿಟ್ಟು, "ಬೆಳಿಗ್ಗೆಯಿಂದ ಎಲ್ಲರೂ ಬಿಟ್ಟುಬಿಡಿ ಅಂತ ಕಾಲಿಗೆ ಬಿದ್ದರು. ತಗೊಳ್ಳಿ ಅಂದವರು ನೀವೊಬ್ಬರೇ" ಎಂದ.

"ಒಂದು ರಾತ್ರಿ ಬಂದು ಇಲ್ಲಿ ಮನೀಕಂಡು ನೋಡಿ. ಆಮ್ಯಾಕೆ ನೀವೇ ಸೇರಿಸ್ಕತೀರಿ."

"ನಿಮ್ಮ ಮನೆ ಅಡ್ಡ ಬರಲ್ಲ ಯಜಮಾನ್ರೇ. ಅಡ್ಡ ಬಂದದ್ದನ್ನ ಮಾತ್ರ ತಗೊಳ್ಳೋದು."

ರುದ್ರಸ್ವಾಮಿ, ಆಳುಗಳು ಸರಪಳಿ ಸುತ್ತಿಕೊಂಡು ಹೋದ ಮೇಲೂ ತಿಪ್ಪೆಯ ಪಕ್ಕ ನೆಟ್ಟಿದ್ದ ಗೂಟವನ್ನು ನೋಡುತ್ತ ನಿಂತಿದ್ದ.

ಅದಾದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ, ಅವನು ಹೊಲದಿಂದ ಬಂದು ಜಗುಲಿಯ ಮೇಲೆ ಮೈ ಚಾಚಿದ್ದ. ಅಪರೂಪಕ್ಕೆ ಕಣ್ಣು ಹತ್ತಿತ್ತು. ಐದು ವರ್ಷದ ಮಗಳು ಪ್ರೇಮ ಎರಡೂ ಕೈ ಚಾಚಿಕೊಂಡು, ತುಟಿ ಅದುರಿಸಿ ಬುರ್ರೆಂದು ಮೆಲ್ಲಗೆ ಸದ್ದು ಮಾಡುತ್ತ ಅಂಗಳದಲ್ಲಿ ಸುತ್ತು ಹೊಡೆಯುತ್ತಿದ್ದಳು. ಊರಿನ ಮಕ್ಕಳೆಲ್ಲ ಆಗ ಆಡುತ್ತಿದ್ದ ಆಟವೇ ಅದು. ಸುತ್ತುತ್ತ ಬಂದವಳು ಜಗುಲಿಯ ಹತ್ತಿರ, ಅಪ್ಪನ ಕಿವಿಯ ಪಕ್ಕಕ್ಕೇ ಬಂದಳು.

ರುದ್ರಸ್ವಾಮಿ ಎದ್ದವನೇ ಹೊಡೆದ. ಮಗು ಜಗುಲಿಯ ಕಲ್ಲಿಗೆ ಬಿತ್ತು, ತುಟಿ ಒಡೆಯಿತು. ಅವನು ಅದುವರೆಗೆ ಎತ್ತಿಗೂ ಬಾರುಕೋಲು ಬೀಸಿದವನಲ್ಲ. ಸರ್ವಮಂಗಳ ಓಡಿ ಬಂದು ಮಗಳನ್ನು ಎತ್ತಿಕೊಂಡಳು. ಮಗು ಅಳಲಿಲ್ಲ. ಒಳಗೆ ಚಿಕ್ಕಪ್ಪ ಮಲಗಿದ್ದಾಗ ಕೂಗದಿರುವುದು ಅದಕ್ಕೂ ಅಭ್ಯಾಸವಾಗಿಹೋಗಿತ್ತು. ರಕ್ತ ಸುರಿಯುವ ಬಾಯಿಗೆ ತಾನೇ ಕೈ ಒತ್ತಿಕೊಂಡಿತು. ಗಂಡ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದ.

ಸಂಜೆ ಅವಳು ಅವನೆದುರು ಬಂದು ಕೂತಳು. "ಕಲ್ಲುಕಟ್ಟೆ ಹೊಲಕ್ಕೆ ಓಗ್ಬುಡಾನ" ಎಂದಳು. ಅದು ಎರಡು ಮೈಲಿ ಆಚೆ, ಗುಡ್ಡದ ಮರೆಯಲ್ಲಿದ್ದ ಅವರದೇ ಒಣಭೂಮಿ. ಒಂದು ಬಾವಿ, ಒಂದು ಹುಲ್ಲಿನ ಗುಡಿಸಲು ಬಿಟ್ಟರೆ ಅಲ್ಲೇನೂ ಇರಲಿಲ್ಲ.

"ಊರು ಬುಟ್ಟು ಒಂಟಿ ಇರಾಕಾಯ್ತದಾ? ಅಂದಿ ಕಾಟ, ಚಿರತೆ ಕಾಟ."

"ಅಂದೀನೂ ರಾತ್ರಿಯೆಲ್ಲಾ ಕೂಗಾಕಿಲ್ಲ ಕಣ್ರೀ."

"ನಮ್ಮಪ್ಪ ಕಟ್ಟಿದ ಮನೆ ಮಂಗಳಾ."

"ಇಲ್ಲಿರೋ ಅಷ್ಟು ದಿನ ನೀವು ನೀವಾಗಿರಾಕಿಲ್ಲ, ನಾನು ನಾನಾಗಿರಾಕಿಲ್ಲ. ಇನ್ನು ಮನೆ ಯಾರ್ಗೆ?"

ಆ ರಾತ್ರಿಯೂ ವಿಮಾನ ಏರಿದವು, ಇಳಿದವು.

ಬೆಳಿಗ್ಗೆ ಸರ್ವಮಂಗಳ ಸೆರಗು ಸೊಂಟಕ್ಕೆ ಕಟ್ಟಿ, ಕೊಟ್ಟಿಗೆಯಿಂದ ಏಣಿ ತಂದು ಗೋಡೆಗೆ ಒರಗಿಸಿ ಹತ್ತಿದಳು. ಸೂರಿನ ಮೊದಲ ಹೆಂಚು ತೆಗೆದು ಕಂಕುಳಲ್ಲಿ ಹಿಡಿದು ಇಳಿದಳು. ಮತ್ತೆ ಹತ್ತಿದಳು. ಮಾಯಮ್ಮ ಬೇಲಿಯ ಆಚೆಯಿಂದ, "ಇದೇನವ್ವಾ, ಸೋರ್ತದಾ?" ಎಂದು ಕೇಳಿದಳು. "ಇಲ್ಲ ಕಣವ್ವ, ಓಯ್ತಾ ಇದ್ದೀವಿ" ಎಂದಳು ಸರ್ವಮಂಗಳ.

ರುದ್ರಸ್ವಾಮಿ ಜಗುಲಿಯ ಮೇಲೆ ಕೂತು ಬಹಳ ಹೊತ್ತು ನೋಡಿದ. ಅವಳ ಕಾಲು ಒಂದು ಮೆಟ್ಟಿಲ ಮೇಲೆ ತಡವರಿಸಿದ್ದನ್ನು ಕಂಡು ಎದ್ದು ಬಂದು ಏಣಿ ಹಿಡಿದುಕೊಂಡ. "ಇಳಿ. ನಾ ಅತ್ತೀನಿ" ಎಂದ.

ಹೆಂಚಿನ ಸದ್ದಿಗೆ ಷಣ್ಮುಖಪ್ಪ ಎದ್ದು ಕಣ್ಣುಜ್ಜುತ್ತ ಹೊರಗೆ ಬಂದ. "ಏನತ್ತಿಗೆ, ಈಗ್ತಾನೆ ಮನೀಕಂಡಿದ್ದೆ."

ಸರ್ವಮಂಗಳ ಮಗಳನ್ನು ಕರೆದು ಅವನ ಮುಂದೆ ನಿಲ್ಲಿಸಿದಳು. ಊದಿದ ತುಟಿಯನ್ನು ಅವನು ನೋಡಿದ, ಸೂರಿನ ಮೇಲಿದ್ದ ಅಣ್ಣನನ್ನೂ ನೋಡಿದ. ಯಾರು ಹೊಡೆದರೆಂದು ಕೇಳಲಿಲ್ಲ. ಪಂಚೆ ಮೇಲೆತ್ತಿ ಕಟ್ಟಿ, ಇಳಿಸಿದ ಹೆಂಚುಗಳನ್ನು ಗಾಡಿಗೆ ಒಟ್ಟತೊಡಗಿದ.

ಮಳೆಗಾಲದೊಳಗೆ ಹೊಲದಲ್ಲಿ ಗೋಡೆ ಏಳಿಸಬೇಕಿತ್ತು. ತೊಲೆ, ಬಾಗಿಲು, ಬೀಸೋಕಲ್ಲು, ಎಲ್ಲ ಗಾಡಿಯಲ್ಲಿ ಹೋಯಿತು. ದಾರಿಯಲ್ಲಿ ಹೆಂಚು ಒಡೆದವು, ಅರ್ಧ ಮನೆಗೆ ಹುಲ್ಲೇ ಹೊದಿಸಬೇಕಾಯಿತು. ಷಣ್ಮುಖಪ್ಪ ಕೆಲಸ ಬಿಡಲಿಲ್ಲ. ಬಯಲಿನ ಪಕ್ಕದ ಎಣ್ಣೆಡಬ್ಬದ ಕೋಣೆಯಲ್ಲೇ ಇರುತ್ತೇನೆಂದ. ಅಮಾವಾಸ್ಯೆಗೆ ಬಂದು ಉಂಡು ಹೋಗುತ್ತಿದ್ದ.

ಹೊಸ ಜಾಗದಲ್ಲಿ ಮೊದಲ ಕೆಲವು ರಾತ್ರಿ ಅವರಿಗೆ ನಿದ್ದೆ ಬರಲೇ ಇಲ್ಲ. ಕಿವಿ ಕಾಯುತ್ತಲೇ ಇತ್ತು. ಸದ್ದು ಅಲ್ಲಿಗೂ ಬರುತ್ತಿತ್ತು, ಆದರೆ ಗುಡ್ಡದ ಆಚೆಯಿಂದ, ಸಣ್ಣಗೆ, ಯಾರದೋ ಮನೆಯ ಜಗಳದ ಹಾಗೆ. ಹೊಡೆದದ್ದರ ಬಗ್ಗೆ ರುದ್ರಸ್ವಾಮಿ ಕೊನೆಗೂ ಬಾಯಿ ಬಿಡಲಿಲ್ಲ. ಸರ್ವಮಂಗಳ ಕೇಳಲೂ ಇಲ್ಲ. ಪ್ರೇಮ ಬಹಳ ದಿನ ಅವನ ಕೈಗೆ ಸಿಗದಷ್ಟು ದೂರ ಕೂತು ಉಣ್ಣುತ್ತಿದ್ದಳು. ಅವನೂ ಬಾ ಎಂದು ಕರೆಯಲಿಲ್ಲ. ತನ್ನ ತಟ್ಟೆಯ ಬೆಲ್ಲದ ತುಂಡನ್ನು ನೆಲದ ಮೇಲೆ ಅವಳ ಕಡೆಗೆ ಸರಿಸಿ ಸುಮ್ಮನಾಗುತ್ತಿದ್ದ. ಒಂದು ದಿನ ಅವಳು ಅದನ್ನು ತಿನ್ನುತ್ತ ಅಲ್ಲೇ ಅವನ ತೊಡೆಗೆ ಒರಗಿದಳು.

ಮೊದಲ ಮಳೆ ಬಿದ್ದ ಮಾರನೆಯ ದಿನ ಸರ್ವಮಂಗಳ ಕಣ್ಣು ಬಿಟ್ಟಾಗ ಬಿಸಿಲು ಒಳಗೆ ಗೋಡೆಯವರೆಗೂ ಬಂದಿತ್ತು. ಕೊಟ್ಟಿಗೆಯಲ್ಲಿ ಹಸು ಕರೆದು ಕರೆದು ಸಾಕಾಗಿ ಸುಮ್ಮನಾಗಿತ್ತು. ಪಕ್ಕದಲ್ಲಿ ಗಂಡ, ಮಗಳು ಬಾಯಿ ತೆರೆದು ಮಲಗಿದ್ದರು. ಹಾಲು ಕರೆಯಬೇಕು, ಬಿತ್ತನೆಗೆ ಹೊತ್ತಾಯಿತು, ಎಬ್ಬಿಸಬೇಕು ಎಂದುಕೊಂಡಳು. ಸುಟ್ಟ ಗಾಯದ ಮುಂಗೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಇನ್ನೊಂದು ಮಗ್ಗುಲಿಗೆ ಹೊರಳಿದಳು.