ಚಹಾದ ವಿಷಯ

ಸಂಶೋಧನಾ ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಗೆದ್ದ ದಿನದಿಂದ ಅವಳ ಸ್ವಂತ ಹೆಸರು ಮೂಲೆ ಸೇರಿತ್ತು. ಲ್ಯಾಬಿನಲ್ಲಿ, ಗ್ರಂಥಾಲಯದಲ್ಲಿ, ಹಾಸ್ಟೆಲಿನ ನಲ್ಲಿಯ ಹತ್ತಿರ, ಎಲ್ಲಿ ಹೋದರೂ ಎಲ್ಲರ ಬಾಯಲ್ಲೂ ‘ಲೀಡರಮ್ಮ’. ಹೆಸರಿಟ್ಟವಳು ಅವಳ ರೂಮ್‌ಮೇಟ್. ಆ ರೂಮ್‌ಮೇಟಿಗೂ ಒಂದು ಅಡ್ಡಹೆಸರಿತ್ತು, ‘ಅಜ್ಜಿ’ ಅಂತ. ವಯಸ್ಸು ಮೂವತ್ತೊಂದೇ. ಆದರೆ ಪಿಎಚ್.ಡಿ.ಗೆ ಏಳನೇ ವರ್ಷವೂ ಮುಗಿಯುತ್ತಾ ಬಂದಿತ್ತು, ವಿಭಾಗದ ಗೋಡೆ ಗಡಿಯಾರ ಎರಡು ಸಲ ಬದಲಾಗಿದ್ದನ್ನು ಕಂಡ ವಿದ್ಯಾರ್ಥಿ ಅವಳೊಬ್ಬಳೇ.

ಹಾಗಂತ ಅಜ್ಜಿಯೇನು ಮೈಗಳ್ಳಿಯಲ್ಲ. ಅವಳ ವಿಷಯವೇ ಅಂಥದ್ದು. ಡಬ್ಬಿಯಲ್ಲಿಟ್ಟ ಬೀಜ ಎಷ್ಟು ವರ್ಷ ಜೀವ ಹಿಡಿದಿರುತ್ತದೆ ಅನ್ನುವುದನ್ನು ಅವಳು ನೋಡುತ್ತಿದ್ದಳು. ಮೊದಲ ವರ್ಷವೇ ಗಾಜಿನ ಡಬ್ಬಿಗಳಿಗೆ ಬೀಜ ತುಂಬಿ, ಬಾಯಿಗೆ ಮೇಣ ಬಳಿದು ಸಾಲಾಗಿ ಇಟ್ಟಿದ್ದಳು. ವರ್ಷಕ್ಕೊಮ್ಮೆ ಒಂದಷ್ಟನ್ನು ತೆರೆದು ಬಿತ್ತುವುದು, ಮೊಳಕೆ ಎಣಿಸುವುದು. ಈಗ ಏಳನೇ ವರ್ಷದ ಎಂಟು ಡಬ್ಬಿ ಉಳಿದಿದ್ದವು. ಇನ್ನೆರಡು ತಿಂಗಳಿಗೆ ಅವನ್ನು ತೆರೆಯಬೇಕು. ಅಷ್ಟರಲ್ಲಿ ವಿಶ್ವವಿದ್ಯಾಲಯ ಒಂದು ಹೊಸ ನಿಯಮ ತರಲು ಹೊರಟಿತು. ಆರು ವರ್ಷ ದಾಟಿದವರ ನೋಂದಣಿ ರದ್ದು. ಏಳು ವರ್ಷದ ಪ್ರಯೋಗವನ್ನು ಆರಕ್ಕೆ ಮುಗಿಸು ಅಂದರೆ, ತುಂಬು ಬಸುರಿಯಾಗುವ ಮೊದಲೇ ಹೆತ್ತುಬಿಡು ಅಂದ ಹಾಗಾಯಿತಲ್ಲ! ಆದರೆ ನಿಯಮ ಬರೆಯುವವರು ಬೀಜ ಬಿತ್ತಿದವರಲ್ಲ.

ಅದನ್ನು ತಡೆಯುವುದಕ್ಕೆಂದೇ ಲೀಡರಮ್ಮನನ್ನು ಗೆಲ್ಲಿಸಿದ್ದು. ಕರಪತ್ರ ಬರೆದವಳು ಅಜ್ಜಿ, ರೂಮು ರೂಮಿನ ಬಾಗಿಲು ತಟ್ಟಿದವಳು ಅಜ್ಜಿ, ನಿಯಮಾವಳಿಯ ದಪ್ಪ ಪುಸ್ತಕವನ್ನು ಅರೆದು ಕುಡಿದವಳೂ ಅಜ್ಜಿಯೇ. ಆ ಪುಸ್ತಕದಲ್ಲಿ ಅವಳಿಗೊಂದು ಸಾಲು ಸಿಕ್ಕಿತ್ತು. ವಿಶ್ವವಿದ್ಯಾಲಯದ ಪರಿಷತ್ತಿನ ಸಭೆಯಲ್ಲಿ ಒಬ್ಬ ಸದಸ್ಯರ, ವಿದ್ಯಾರ್ಥಿ ಪ್ರತಿನಿಧಿಯದ್ದೇ ಆಗಲಿ, ಆಕ್ಷೇಪ ದಾಖಲಾದರೂ ಸಾಕು, ಅಂಥ ನಿಯಮ ಮತ್ತೆ ಉಪಸಮಿತಿಗೆ ಹೋಗಬೇಕು. ಉಪಸಮಿತಿಗೆ ಹೋದದ್ದು ಆರು ತಿಂಗಳು ಈ ಕಡೆ ತಲೆ ಹಾಕುವುದಿಲ್ಲ. ಸಭೆಯ ದಿನ ಬೆಳಿಗ್ಗೆ ಅಜ್ಜಿ ಅವಳ ಅಂಗಿಯ ಕಾಲರು ಸರಿಮಾಡುತ್ತಾ, "ಭಾಷಣ ಗೀಷಣ ಬಿಗಿಯೋಕೆ ಹೋಗ್ಬೇಡ ಕಣೇ. ‘ನನ್ನ ಆಕ್ಷೇಪ ಇದೆ’, ಅಷ್ಟು ಹೇಳು. ಮೂರೇ ಮಾತು," ಅಂದಿದ್ದಳು.

ಆ ಮೂರು ಮಾತೂ ಲೀಡರಮ್ಮನಿಂದ ಆಡಲಾಗಲಿಲ್ಲ. ಯಾಕೆ ಅಂದರೆ ನಗಬೇಡಿ, ಚಹಾ ಬಂತು.

ಉದ್ದನೆಯ ಮೇಜು, ಸುತ್ತ ಇಪ್ಪತ್ತಾರು ಜನ, ಬಾಗಿಲ ಪಕ್ಕದ ಕೊನೆಯ ಕುರ್ಚಿ ಅವಳದು. ಅಲ್ಲಿದ್ದವರಲ್ಲೆಲ್ಲ ಚಿಕ್ಕವಳು ಅವಳೇ. ಪಟ್ಟಿಯಲ್ಲಿ ಆ ನಿಯಮ ನಾಲ್ಕನೆಯದು. ಮೂರನೆಯ ವಿಷಯ ಮುಗಿಯುವ ಹೊತ್ತಿಗೆ ಬಾಗಿಲು ತೆರೆದು ವಯಸ್ಸಾದ ಜವಾನ ಒಳಗೆ ಬಂದ. ಅವನ ಕೈಯಲ್ಲಿ ಟ್ರೇ ಗಡಗಡ ನಡುಗುತ್ತಿತ್ತು. ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದ ಅವಳ ಅಮ್ಮ ಚಿಕ್ಕಂದಿನಿಂದ ಕಿವಿಯಲ್ಲಿ ಊದಿದ್ದು ಒಂದೇ ಮಾತು, ದೊಡ್ಡವರು ಕೂತಲ್ಲಿ ಕೈ ಕಟ್ಟಿಕೊಂಡು ಕೂರಬೇಡ, ಎದ್ದು ನಾಲ್ಕು ತಟ್ಟೆ ಲೋಟ ಎತ್ತಿಕೊಡು. ಅವಳು ಎದ್ದಳು, ಟ್ರೇ ಇಸಿದುಕೊಂಡಳು, ಒಬ್ಬೊಬ್ಬರ ಮುಂದೆ ಕಪ್ಪು ಇಡುತ್ತಾ ಹೋದಳು. ಒಬ್ಬರು ಹಿರಿಯ ಪ್ರಾಧ್ಯಾಪಕರು ಸಕ್ಕರೆ ಇಲ್ಲದ್ದು ಯಾವುದಮ್ಮ ಅಂದರು. ಅದನ್ನು ಹುಡುಕುತ್ತಿದ್ದಾಗ ಬೆನ್ನ ಹಿಂದೆ ಕುಲಪತಿಗಳ ದನಿ ಕೇಳಿಸಿತು. "ನಾಲ್ಕನೇದು ಎಲ್ಲರೂ ಓದಿದ್ದೀರಿ, ಒಪ್ಪಿಗೆ ತಾನೇ, ಮುಂದೆ ಹೋಗೋಣ." ಅವಳು ಕಪ್ಪು ಇಟ್ಟು ತಿರುಗುವಷ್ಟರಲ್ಲಿ ಸಭೆ ಐದನೆಯದರಲ್ಲಿತ್ತು.

ಆಗಲಾದರೂ ಬಾಯಿ ಬಿಡಬಹುದಿತ್ತು. ಖಾಲಿ ಟ್ರೇ ಎದೆಗವಚಿಕೊಂಡು ನಿಂತವಳಿಗೆ ನಾಲಿಗೆ ಏಳಲಿಲ್ಲ. ಕೊನೆಯಲ್ಲಿ ‘ಇತರೆ ವಿಷಯಗಳು’ ಅಂತ ಬರುತ್ತದಲ್ಲ, ಆಗ ಹೇಳೋಣ ಅಂದುಕೊಂಡಳು. ಅದು ಬರುವ ಮೊದಲೇ ಕುಲಪತಿಗಳಿಗೆ ಇನ್ನೊಂದು ಸಭೆ ಇತ್ತು, ಎದ್ದು ಹೋದರು.

ಹೊರಗೆ ಮೆಟ್ಟಿಲ ಮೇಲೆ ಅಜ್ಜಿ ಕಾದಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳು ಕೆಂಪಾಗಿತ್ತು. "ಹೇಳಿದ್ಯಾ?" ಅಂತ ಕೇಳಿದಳು.

"ಹೇಳ್ದೆ."

ಆ ಮಾತು ಹೇಗೆ ಹೊರಬಿತ್ತೋ ಅವಳಿಗೇ ಗೊತ್ತಿಲ್ಲ. ಟ್ರೇ ಹಿಡಿದು ನಿಂತಿದ್ದೆ ಅಂತ ಆ ಮುಖಕ್ಕೆ ಹೇಳುವುದು ಹೇಗೆ? ಅವರು ಕಿವಿಗೆ ಹಾಕಿಕೊಳ್ಳಲಿಲ್ಲ ಅಂತಲೂ ಮೇಲೊಂದು ಸೇರಿಸಿದಳು. ಸುಳ್ಳಿಗೆ ಒಂಟಿಯಾಗಿರಲು ಬರುವುದಿಲ್ಲ ನೋಡಿ, ಜೊತೆಗೊಂದನ್ನು ಕರೆದುಕೊಂಡೇ ಬರುತ್ತದೆ. ಅಜ್ಜಿ ಅವಳನ್ನು ಅಪ್ಪಿಕೊಂಡು, ಅವರು ಕೇಳದಿದ್ದರೆ ಕತ್ತೆ ಬಾಲ, ದಾಖಲಾದರೆ ಸಾಕು, ನಡಾವಳಿ ಬರಲಿ, ಅಂದಳು.

ನಡಾವಳಿ ಅಂದರೆ ಸಭೆಯಲ್ಲಿ ಏನಾಯಿತು ಅನ್ನುವುದರ ಬರಹ. ಅದು ಹೊರಬರಲು ತಿಂಗಳು ಹಿಡಿಯುತ್ತಿತ್ತು. ಈ ಮಧ್ಯೆ ಆರು ವರ್ಷ ದಾಟಿದವರಿಗೆ ಇನ್ನೊಂದು ದಾರಿ ಬಿಟ್ಟಿದ್ದರು. ಮೂವತ್ತು ದಿನದೊಳಗೆ ಅರ್ಜಿ ಹಾಕಿಕೊಂಡರೆ ಕಾರಣ ನೋಡಿ ಒಂದು ವರ್ಷ ಕೊಡುತ್ತಾರೆ. ಅರ್ಜಿಯ ಮೊದಲ ಸಾಲೇ ‘ಈ ನಿಯಮವನ್ನು ಒಪ್ಪಿ, ತಮ್ಮ ಕರುಣೆಯನ್ನು ಕೋರುತ್ತೇನೆ’ ಅಂತಿತ್ತು. ಹನ್ನೊಂದು ಜನ ಮರುಮಾತಾಡದೆ ಸಹಿ ಹಾಕಿ ಕೊಟ್ಟರು. ಅಜ್ಜಿ ಕೊಡಲಿಲ್ಲ.

ಲೀಡರಮ್ಮ ಬಿಟ್ಟೂ ಬಿಡದೆ ಹೇಳಿ ನೋಡಿದಳು. ಇರಲಿ, ಒಂದು ಅರ್ಜಿ ಬಿಸಾಕಿಬಿಡು, ಕಾಗದ ತಾನೇ, ಅಂದಳು. ಫಾರಂ ತಂದು ಅಜ್ಜಿಯ ದಿಂಬಿನ ಮೇಲಿಟ್ಟಳು. ಅಜ್ಜಿ ಅದನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟಳು. "ನೀನು ಅಷ್ಟು ಜನರ ಮುಂದೆ ಎದ್ದು ನಿಂತು ಬೇಡ ಅಂದಿದ್ದೀಯ. ನಾನು ಒಪ್ಪಿದೀನಿ ಅಂತ ಸಹಿ ಹಾಕಿದ್ರೆ ನಿನ್ನ ಮಾತಿಗೆ ನಾನೇ ಮಣ್ಣು ಹಾಕಿದ ಹಾಗಲ್ವೇನೇ?"

ಅವತ್ತು ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಅಂದುಕೊಂಡಳು. ನಾಳೆ ಅಜ್ಜಿಗೆ ತಲೆನೋವಿತ್ತು. ಮಾರನೇ ದಿನ ಅಜ್ಜಿ ತನ್ನ ಎಂಟು ಡಬ್ಬಿಗಳನ್ನು ಒರೆಸುತ್ತಾ ಹಾಡು ಗುನುಗುತ್ತಿದ್ದಳು, ಹೇಳಲು ಮನಸ್ಸಾಗಲಿಲ್ಲ. ಹೀಗೆ ಒಂದೊಂದು ದಿನಕ್ಕೂ ಒಂದೊಂದು ನೆಪ ಸಿಕ್ಕಿತು, ಮೂವತ್ತೂ ಕಳೆದುಹೋದವು.

ಮೂವತ್ತೆರಡನೆಯ ದಿನ ನಡಾವಳಿ ಬಂತು. ನಾಲ್ಕನೆಯ ವಿಷಯದ ಎದುರು ಒಂದೇ ಸಾಲು, ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’.

ಅಜ್ಜಿ ಅದನ್ನು ಎರಡು ಸಲ ಓದಿದಳು. ಲೀಡರಮ್ಮನ ಮೇಲೆ ಅವಳಿಗೆ ಒಂದು ಚೂರೂ ಸಂಶಯ ಬರಲಿಲ್ಲ. ಅದೇ ಎದೆಗೆ ಚುಚ್ಚುವ ವಿಷಯ. ಅವಳ ಸಿಟ್ಟೆಲ್ಲ ನಡಾವಳಿ ಬರೆಯುವ ಗುಮಾಸ್ತರ ಮೇಲೆ ತಿರುಗಿತು. ದುಡ್ಡಿಗೋ ಭಯಕ್ಕೋ ಆ ಮನುಷ್ಯ ನಮ್ಮ ಹುಡುಗಿಯ ಮಾತನ್ನೇ ಅಳಿಸಿಬಿಟ್ಟಿದ್ದಾನೆ ಅಂತ ಸಂಜೆಯೊಳಗೆ ಹಾಸ್ಟೆಲಿನ ನಾಲ್ಕೂ ಮಹಡಿಗೆ ಸುದ್ದಿ ಮುಟ್ಟಿಸಿದಳು. ಹಳೆಯ ಹಾಸಿಗೆ ಹೊದಿಕೆಯ ಮೇಲೆ ಕೆಂಪು ಬಣ್ಣದಲ್ಲಿ ‘ನಮ್ಮ ಪ್ರತಿನಿಧಿಯ ಮಾತು ಅಳಿಸಿದ್ದು ಯಾರು?’ ಅಂತ ಬರೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮಾರನೇ ದಿನ ಲೀಡರಮ್ಮ ಗುಮಾಸ್ತರ ಕೋಣೆಗೆ ಹೋದಳು. ಅವರು ಕಡತಗಳ ನಡುವೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅವಳನ್ನು ಬೈಯಲಿಲ್ಲ. ನಾನು ಬರೆದದ್ದರಲ್ಲಿ ತಪ್ಪಿದೆಯಾ ಅಂತ ಮಾತ್ರ ಕೇಳಿದರು. ಇಲ್ಲ ಅಂದಳು.

"ನಾವು ಅದನ್ನ ಚಹಾದ ವಿಷಯ ಅಂತೀವಮ್ಮ," ಅಂದರು ಗುಮಾಸ್ತರು. "ಜಗಳ ಬರೋ ಅಂಥದ್ದು ಯಾವುದಿದ್ದರೂ ಟ್ರೇ ಒಳಗೆ ಬರೋ ಹೊತ್ತಿಗೆ ಬರೋ ಹಾಗೆ ಪಟ್ಟಿ ಮಾಡಿಸ್ತಾರೆ. ಹಳಬರಿಗೆಲ್ಲ ಗೊತ್ತು. ನೀನು ಎದ್ದು ಟ್ರೇ ಇಸ್ಕೊಂಡಾಗಲೇ ಇದು ಮುಗೀತು ಅಂದ್ಕೊಂಡೆ. ಆದರೆ ನನಗೆ ಬರೆಯೋ ಕೆಲಸ, ಮಾತಾಡೋ ಕೆಲಸ ಅಲ್ಲ."

ಮುಂದಿನ ಸಭೆ ಎರಡೇ ದಿನಕ್ಕಿತ್ತು. ಮೊದಲ ವಿಷಯವೇ ಹಿಂದಿನ ನಡಾವಳಿಯ ದೃಢೀಕರಣ. ಹೊರಗೆ ಮೆಟ್ಟಿಲ ಮೇಲೆ ಎಂಬತ್ತು ಜನ ಬ್ಯಾನರು ಹಿಡಿದು ಕೂತಿದ್ದರು, ನಡುವೆ ಅಜ್ಜಿ. ಒಳಗೆ ಕುಲಪತಿಗಳು ಒಂದು ಕರಪತ್ರವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ದಾಖಲೆ ತಿದ್ದಿದ ಆರೋಪ ಸಣ್ಣದಲ್ಲ, ಗುಮಾಸ್ತರ ಮೇಲೆ ವಿಚಾರಣೆ ಇಡೋಣ, ಅಲ್ಲಿಯವರೆಗೆ ಅವರು ಮನೆಯಲ್ಲಿರಲಿ ಅಂದರು. ಮೂಲೆಯಲ್ಲಿದ್ದ ಗುಮಾಸ್ತರು ಆ ಮಾತನ್ನೂ ಬರೆದುಕೊಂಡರು.

ಲೀಡರಮ್ಮ ಎದ್ದು ನಿಂತಳು. "ಅವರು ಏನೂ ಅಳಿಸಿಲ್ಲ ಸಾರ್. ನಾನು ಆಕ್ಷೇಪ ಹೇಳಿರಲಿಲ್ಲ. ಹೊರಗೆ ಹೋಗಿ ಹೇಳಿದೀನಿ ಅಂತ ಸುಳ್ಳು ಹೇಳಿದೆ. ಆ ಹೊತ್ತಲ್ಲಿ ನಾನು ಚಹಾ ಕೊಡ್ತಾ ಇದ್ದೆ."

ಯಾರೋ ಕಿಸಕ್ಕೆಂದರು. ಸಕ್ಕರೆ ಇಲ್ಲದ ಚಹಾ ಕುಡಿದವರು ತಮ್ಮ ಕಾಗದದೊಳಗೆ ಮುಖ ಹುದುಗಿಸಿದರು. ಅವಳು ಕೂರಲಿಲ್ಲ. ನಾನು ಒಪ್ಪಿಯೂ ಇರಲಿಲ್ಲ, ಸರ್ವಾನುಮತ ಅನ್ನುವುದನ್ನು ತೆಗೆಯಿರಿ, ಈಗ ಹೇಳುತ್ತೇನೆ, ನನ್ನ ಆಕ್ಷೇಪ ಇದೆ ಅಂದಳು. ಅಂತೂ ಮೂರು ಮಾತು ಹೊರಬಂದವು, ತಿಂಗಳು ತಡವಾಗಿ. ಕುಲಪತಿಗಳಿಗೆ ಸಿಟ್ಟೇನೂ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ನೀವೂ ಕೇಳಿರುತ್ತೀರಲ್ಲ ತಾಯಿ ಅಂದು, ತಿದ್ದುಪಡಿ ಇಲ್ಲ, ವಿಚಾರಣೆಯೂ ಬೇಡ, ಮುಂದೆ ಹೋಗೋಣ ಅಂದರು.

ಅವಳು ಮುಂದೆ ಹೋಗಲಿಲ್ಲ, ಹೊರಗೆ ಹೋದಳು. ಎಂಬತ್ತು ಜನರೆದುರು ನಿಂತು, ಒಳಗೆ ಹೇಳಿದ್ದನ್ನೇ ಹೇಳಿದಳು. ಕೆಲವರು ಬೈದರು. ಒಬ್ಬ ಚಪ್ಪಾಳೆ ತಟ್ಟಿ, ಲೀಡರಮ್ಮ ನಮಗೂ ಒಂದೊಂದು ಕಪ್ಪು ಅಂದ. ಸ್ವಲ್ಪ ಹೊತ್ತಿಗೆ ಮೆಟ್ಟಿಲು ಖಾಲಿಯಾಯಿತು.

ಅಜ್ಜಿ ಕೂತಲ್ಲೇ ಕೂತಿದ್ದಳು. ಬ್ಯಾನರಿನ ಒಂದು ತುದಿ ಇನ್ನೂ ಅವಳ ಮುಷ್ಟಿಯಲ್ಲಿತ್ತು. ಲೀಡರಮ್ಮ ಎರಡು ಮೆಟ್ಟಿಲು ಕೆಳಗೆ ನಿಂತು ಅವಳು ಬೈಯಲಿ ಅಂತ ಕಾದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

"ಅರ್ಜಿ ಹಾಕಿದ ಹನ್ನೊಂದು ಜನಕ್ಕೂ ವರ್ಷ ಸಿಕ್ತಂತೆ," ಅಂದಳು ಅಜ್ಜಿ ಕೊನೆಗೆ. "ಮೂವತ್ತು ದಿನ ಒಂದೇ ರೂಮಲ್ಲಿ ಮಲಗಿದ್ವಲ್ಲೇ. ಒಂದು ದಿನ ಹೇಳಬಾರದಿತ್ತಾ?"

ಲೀಡರಮ್ಮನ ಕಣ್ಣಲ್ಲಿ ನೀರು ಬಂತು. ಅಷ್ಟು ದೊಡ್ಡ ಗುಂಡಿಗೆ ತಪ್ಪಾಯಿತು ಅನ್ನುವುದು ತೀರಾ ಸಣ್ಣ ಮಾತು. ಅಜ್ಜಿ ಎದ್ದು ಬ್ಯಾನರಿನ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ದಿನಾ ಬೆಳಿಗ್ಗೆ ರೂಮಿನಲ್ಲಿ ಹೊದಿಕೆ ಮಡಚುತ್ತಿದ್ದ ಹಾಗೆಯೇ ಇಬ್ಬರೂ ಅದನ್ನು ಎರಡಾಗಿ, ನಾಲ್ಕಾಗಿ ಮಡಚಿದರು. ಕೊನೆಯ ಮಡಿಕೆಗೆ ಕೈ ಕೈ ತಾಗಿದಾಗ ಅಜ್ಜಿ ಬಟ್ಟೆ ತೆಗೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ನೋಂದಣಿ ಹೋಯ್ತಲ್ಲ, ಸಂಜೆಯೊಳಗೆ ಲ್ಯಾಬಿನ ಬೀಗದ ಕೈ ಒಪ್ಪಿಸಬೇಕು. ಎಂಟು ಡಬ್ಬಿ ಇದೆ, ಕೆಳಗೆ ಸಾಗಿಸಬೇಕು. ಬಾ," ಅಂದಳು. "ಎತ್ತಿಕೊಡೋದು ನಿನಗೆ ಚೆನ್ನಾಗಿ ಬರುತ್ತಲ್ಲ."